ಬಾಗಿಲು ತಿಂದವಳು

ನಾನು ಚಿಕ್ಕವಳಿದ್ದಾಗ ನಮ್ಮ ಮನೆಗೆ ಬಚ್ಚಲುಮನೆಯೇ ಇರಲಿಲ್ಲ, ಮಕ್ಕಳೇ. ನಗಬೇಡಿ. ಜಗಳೂರಿನ ರಸ್ತೆಯಲ್ಲಿ ಬಸ್ಸಿಳಿದು, ಎರಡೂ ಕಡೆ ಶೇಂಗಾ ಹೊಲ ನೋಡಿಕೊಂಡು ಅರ್ಧ ಗಂಟೆ ನಡೆದರೆ ನಮ್ಮೂರು. ಈಗ ನೀವು ಆಡುತ್ತೀರಲ್ಲ, ಇದೇ ಜಾಗದಲ್ಲಿ ಮಣ್ಣಿನ ಮಾಳಿಗೆಯ ಮನೆ ಇತ್ತು. ಒಂದು ಪಡಸಾಲೆ, ಒಂದು ಅಡುಗೆ ಕೋಣೆ, ಪಕ್ಕಕ್ಕೆ ಕುರಿಹಟ್ಟಿ. ಕುರಿಗಳ ಹಟ್ಟಿಗೂ ಬಾಗಿಲಿತ್ತು, ನಾವು ಮೈ ತೊಳೆಯುವ ಜಾಗಕ್ಕೆ ಮಾತ್ರ ಇರಲಿಲ್ಲ!

ಹಿತ್ತಲಲ್ಲಿ ಒಂದು ಕಲ್ಲು. ಅದರ ಸುತ್ತ ಮೂರು ಕೋಲು ನೆಟ್ಟು ಅವ್ವನ ಹಳೇ ಸೀರೆ ಕಟ್ಟಿದ್ದೆವು. ಅದೇ ನಮ್ಮ ಬಚ್ಚಲು. ನಮ್ಮ ಸೀಮೆಯ ಗಾಳಿ ಗೊತ್ತಲ್ಲ, ಬೀಸಿದರೆ ತಲೆಯ ಮೇಲಿನ ಹುಲ್ಲುಹೊರೆಯನ್ನೂ ಕಿತ್ತುಕೊಂಡು ಹೋಗುತ್ತದೆ. ಅಂಥಾದ್ದಕ್ಕೆ ಹಳೇ ಸೀರೆ ಯಾವ ಲೆಕ್ಕ? ಅಕ್ಕ ಸ್ನಾನಕ್ಕೆ ಕೂತರೆ ನಾನು ಹೊರಗೆ ನಿಂತು ಸೀರೆಯ ಎರಡೂ ಅಂಚು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ನನಗಾಗ ಏಳು ವರ್ಷ, ಅಕ್ಕನಿಗೆ ಹದಿನಾಲ್ಕು. ಒಮ್ಮೆ ಕಾಗೆ ನೋಡುತ್ತಾ ಕೈ ಬಿಟ್ಟುಬಿಟ್ಟೆ. ಅಕ್ಕ ಕಿರುಚಿದ ಕಿರುಚಿಗೆ ಹಟ್ಟಿಯ ಕುರಿಗಳೆಲ್ಲ ಎದ್ದು ನಿಂತವು. ಅವತ್ತಿನಿಂದ ಅವಳು ಕೋಳಿ ಕೂಗುವ ಮುಂಚೆಯೇ ಎದ್ದು, ಚಳಿಯಲ್ಲಿ ಗಡಗಡ ನಡುಗುತ್ತಾ, ಎರಡೇ ಚೊಂಬು ನೀರು ಸುರಿದುಕೊಂಡು ಓಡಿಬರುತ್ತಿದ್ದಳು.

ಒಂದು ದಿನ ಅಕ್ಕ ಅಪ್ಪನ ಎದುರು ನಿಂತು ಹೇಳಿಯೇಬಿಟ್ಟಳು. "ಅಪ್ಪಾ, ನಂಗೆ ಒಡವೆ ಬ್ಯಾಡ, ಹೊಸ ಲಂಗ ಬ್ಯಾಡ. ಒಳಗಿಂದ ಚಿಲಕ ಹಾಕಾಕೆ ಬರೋ ಅಂಥ ಒಂದು ಬಚ್ಚಲುಮನೆ ಕಟ್ಟಿಸಿಕೊಡು, ಸಾಕು."

ಅಪ್ಪ ಮುಂದಿನ ಸಂತೆಯಿಂದ ಬರುವಾಗ ಕುಂಬಾರರ ಹತ್ತಿರ ಒಂದು ಮಣ್ಣಿನ ಹುಂಡಿ ತಂದ. ದುಡ್ಡು ಹಾಕಲು ಮೇಲೆ ಒಂದು ಸೀಳು, ಅಷ್ಟೇ. ಹಾಕಿದ್ದನ್ನು ತೆಗೆಯಬೇಕೆಂದರೆ ಒಡೆಯಲೇಬೇಕು. ಕೆಲಸ ಶುರುವಾಗುವ ದಿನದ ತನಕ ಹುಂಡಿ ಒಡೆಯಬಾರದು ಎನ್ನುವುದು ಅಪ್ಪನ ಕಟ್ಟುನಿಟ್ಟು.

ಹಾಗಾದರೆ ಒಳಗೆ ಎಷ್ಟಿದೆ ಎಂದು ತಿಳಿಯುವುದು ಹೇಗೆ? ಅಪ್ಪನಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಅವನ ತಲೆ ಚುರುಕು. ಹುಂಡಿಗೆ ಒಂದು ರೂಪಾಯಿ ಹಾಕಿದ ದಿನ ಒಂದು ಒಣ ಶೇಂಗಾಕಾಯಿ ಎತ್ತಿ ಮೊರದಲ್ಲಿಡುತ್ತಿದ್ದ. ಎರಡು ರೂಪಾಯಿಗೆ ಎರಡು ಕಾಯಿ. ಉಣ್ಣೆ ಮಾರಿದ ದುಡ್ಡು, ಟಗರು ಮಾರಿದ ದುಡ್ಡು, ಎಲ್ಲಕ್ಕೂ ಕಾಯಿ. ಆಮೇಲೆ ಅವನ್ನು ಗುಡ್ಡೆ ಮಾಡಿದ. ಒಂದು ಗುಡ್ಡೆ ಗೋಡೆಯ ಕಲ್ಲಿಗೆ, ಒಂದು ಮೇಲಿನ ಚಪ್ಪಡಿಗೆ, ಒಂದು ಗಾರೆಗೆ, ಒಂದು ಮೇಸ್ತ್ರಿಯ ಕೂಲಿಗೆ. ಮೂಲೆಯಲ್ಲಿದ್ದ ಐದನೇ ಗುಡ್ಡೆ ಬಾಗಿಲಿಗೆ. ದಿನಾ ಸಂಜೆ ಮೊರದ ಮುಂದೆ ಕೂತು, ಇದರಿಂದ ಎರಡು ತೆಗೆದು ಅದಕ್ಕೆ, ಅದರಿಂದ ಒಂದು ತೆಗೆದು ಇದಕ್ಕೆ. ಅವ್ವ ನಗುತ್ತಿದ್ದಳು: "ಇದೇನ್ರೀ, ಚೌಕಾಬಾರ ಆಡ್ತೀರೋ, ಮನೆ ಕಟ್ತೀರೋ?"

ನಕ್ಷೆಯೂ ಹಾಗೇ. ಒಂದು ಮಧ್ಯಾಹ್ನ ಅಪ್ಪ ಒಂದು ಬುಟ್ಟಿ ಬೂದಿ ಹಿಡಿದು ಹಿತ್ತಲಿಗೆ ನಡೆದ. ಅಕ್ಕನನ್ನು ಕಲ್ಲಿನ ಮೇಲೆ ಕೂರಿಸಿದ. "ಹಂಡೆ ಎಲ್ಲಿ ಬೇಕವ್ವಾ? ಕೈ ಚಾಚಿ ತೋರ್ಸು. ಬಟ್ಟೆ ಎಲ್ಲಿ ಹಾಕ್ತೀ? ಕಾಲು ಚಾಚು ನೋಡಾನ." ಅಕ್ಕ ಸುಳ್ಳೇ ಚೊಂಬು ಎತ್ತಿ ಸುಳ್ಳೇ ನೀರು ಹೊಯ್ದುಕೊಂಡಳು. ಅವಳ ಕೈ ಕಾಲು ಎಲ್ಲೆಲ್ಲಿ ತಲುಪಿತೋ ಅದಕ್ಕೆ ಒಂದೊಂದು ಗೇಣು ಸೇರಿಸಿ ಅಪ್ಪ ಬೂದಿಯ ಗೆರೆ ಎಳೆದ. ಪೂರ್ವಕ್ಕೆ ಬಾಗಿಲಿಗೆ ಅಂತ ಗೆರೆಯಲ್ಲಿ ತೆರಪು ಬಿಟ್ಟ. ನೀರು ಹೊರಗೆ ಹೋಗಿ ನಿಂಬೆ ಗಿಡಕ್ಕೆ ಸೇರಲಿ ಅಂತ ಕಾಲುವೆಯ ಗೆರೆಯನ್ನೂ ಎಳೆದ.

ಅಪ್ಪ ಅತ್ತ ಹೋದ ಮೇಲೆ ಅಕ್ಕ ಆ ಬಾಗಿಲಿನಿಂದ ಒಳಗೆ ಹೋದಳು. ಗಾಳಿಯಲ್ಲೇ ಕದ ಮುಚ್ಚಿದಳು. ಗಾಳಿಯಲ್ಲೇ ಚಿಲಕ ಎಳೆದಳು. ಬಾಯಲ್ಲಿ "ಟಕ್" ಅಂದಳು.

"ಲೇ, ಬಾಗಿಲು ಬಡಿ."

ನಾನು ಗಾಳಿಗೆ ಗುದ್ದಿದೆ.

"ಯಾರದು?"

"ನಾನು."

"ತಡಿ, ಸ್ನಾನ ಆಗ್ತೈತೆ! ನಿಧಾನಕ್ಕೆ ಬರ್ತೀನಿ!" ಅಂದಳು. ಆ "ನಿಧಾನಕ್ಕೆ" ಅನ್ನುವಾಗ ಅವಳ ಮುಖ ನೀವು ನೋಡಬೇಕಿತ್ತು. ಅಷ್ಟು ಬೆಳಕು!

ಇನ್ನು ನನ್ನ ಕಥೆಗೆ ಬರುತ್ತೇನೆ. ಒಂದು ದಿನ ಬೆಳಿಗ್ಗೆ ಅಪ್ಪ ಮೇಸ್ತ್ರಿಯನ್ನು ಕರೆತರಲು ಹೋದ. ಕೆಲಸ ಮಾತಾಡಿ ಮುಗಿಸುವ ದಿನ ಅದು. ಅವ್ವ ಹಟ್ಟಿ ಗುಡಿಸುತ್ತಿದ್ದಳು, ಅಕ್ಕ ನೀರಿಗೆ ಹೋಗಿದ್ದಳು. ಪಡಸಾಲೆಯಲ್ಲಿ ನಾನು, ಮೊರ, ಮೊರದ ತುಂಬ ಶೇಂಗಾ. ಅಲ್ಲಾಡಿಸಿದರೆ ಒಳಗೆ ಕಾಳು ಗಲಗಲ ಅನ್ನುವಷ್ಟು ಒಣಗಿದ್ದವು. ಮೂಲೆಯ ಗುಡ್ಡೆಯಿಂದ ಒಂದೇ ಒಂದು ತೆಗೆದೆ. ಒಡೆದೆ. ಬಾಯಲ್ಲಿ ಹಾಲು ಹಾಲು. ಒಂದು ಒಂಟಿ ಆಗಬಾರದಲ್ಲ ಅಂತ ಇನ್ನೊಂದು. ಆಮೇಲೆ ನನ್ನ ಕೈ ನನ್ನ ಮಾತು ಕೇಳಲಿಲ್ಲ. ನೋಡುತ್ತೇನೆ, ಬಾಗಿಲಿನ ಗುಡ್ಡೆಯೇ ಇಲ್ಲ!

ಆದರೆ ನಾನು ಅಪ್ಪನ ಮಗಳಲ್ಲವೇ, ತಲೆ ಓಡಿಸಿದೆ. ಉಳಿದ ನಾಲ್ಕು ಗುಡ್ಡೆಯಿಂದ ಅಷ್ಟಷ್ಟು ತೆಗೆದು ಮೂಲೆಯಲ್ಲಿ ಐದನೇ ಗುಡ್ಡೆ ಮಾಡಿದೆ. ನೋಡಿದರೆ ಏನೂ ಆಗೇ ಇಲ್ಲ ಅನ್ನುವಂತೆ! ಸಿಪ್ಪೆಯನ್ನೆಲ್ಲ ಬಾಚಿ ಹಳೇ ಕೌದಿಯ ಮಡಿಕೆಯಲ್ಲಿ ಬಚ್ಚಿಟ್ಟೆ.

ಮೇಸ್ತ್ರಿ ಬಂದ. ದಪ್ಪ ಮೀಸೆ, ಕಿವಿಯ ಹಿಂದೆ ಬೀಡಿ, ಬಾಯಿ ತುಂಬ ಹಾಸ್ಯ. ಹಿತ್ತಲಿಗೆ ಹೋಗಿ ಬೂದಿಯ ಗೆರೆ ಅಳೆದ. ಒಳಗೆ ಬಂದು ಮೊರದ ಮುಂದೆ ಕೂತು ಕಲ್ಲಿನ ಗುಡ್ಡೆ ಎಣಿಸಿದ. ಮತ್ತೆ ಎಣಿಸಿದ.

"ಯಜಮಾನ್ರೇ, ಈ ದುಡ್ಡಿಗೆ ಗೋಡೆ ಸೊಂಟದ ಮಟ ಬರ್ತೈತೆ ಅಷ್ಟೇ. ಒಳಗೆ ಕೂತು ಸ್ನಾನ ಮಾಡ್ತಾ ಮಾಡ್ತಾ ಆಚೆ ಹೋಗೋರಿಗೆಲ್ಲ 'ಊಟ ಆತೇನ್ರೀ' ಅಂತ ಕೇಳಬೌದು!"

ಅವ್ವ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. ಅಪ್ಪ ನಗಲಿಲ್ಲ. ಚಪ್ಪಡಿಯ ಗುಡ್ಡೆ ಎಣಿಸಿದರು, ಕಡಿಮೆ. ಗಾರೆಯದ್ದು ಕಡಿಮೆ. ಕೂಲಿಯದ್ದೂ ಕಡಿಮೆ. ಅಪ್ಪ ತಲೆಯ ಮೇಲಿನ ಟವೆಲ್ ತೆಗೆದು ಮಡಿಲಲ್ಲಿ ಇಟ್ಟುಕೊಂಡ.

"ನಾನೇ ಎಲ್ಲೋ ತಪ್ಪು ಮಾಡೀನಿ ಬಿಡು ಮೇಸ್ತ್ರಿ. ಓದಿದೋನಾಗಿದ್ರೆ ಹಿಂಗೆ ಆಗ್ತಿರಲಿಲ್ಲ," ಅಂದ.

ಅಪ್ಪ ಹಾಗೆ ಅಂದದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ಕೌದಿಯ ಕಡೆ ನೋಡಿದೆ.

ಮೇಸ್ತ್ರಿ ಸಮಾಧಾನ ಹೇಳಿದ. "ಅದಕ್ಯಾಕೆ ಚಿಂತೆ? ಬಾಗಿಲು ಬಿಟ್ಟುಬಿಡ್ರಿ. ಆ ಗುಡ್ಡೆನ ಉಳಿದ ನಾಲ್ಕಕ್ಕೂ ಹಂಚಿದ್ರೆ ಗೋಡೆ ಆಳೆತ್ತರ ಬರ್ತೈತೆ. ಬಾಗಿಲ ಜಾಗಕ್ಕೆ ಒಂದು ಗೋಣಿಚೀಲ ಇಳಿಬಿಟ್ರಾತು. ಬಾಗಿಲು ಬೇಕು ಅಂದ್ರೆ ಈಗ್ಲೇ ಹೇಳ್ಬೇಕು, ಚೌಕಟ್ಟು ಗೋಡೆ ಜೊತೀಗೇ ನಿಲ್ಲಬೇಕು."

ಅಪ್ಪ ಅಕ್ಕನ ಮುಖ ನೋಡಿದ. ಆಗ ತಾನೆ ಕೊಡ ಇಳಿಸಿ ಬಂದಿದ್ದ ಅಕ್ಕ, "ಆತು ಬಿಡಪ್ಪಾ, ಗೋಣಿಚೀಲನೇ ಸಾಕು," ಅಂದು ಹಿತ್ತಲಿಗೆ ಹೋದಳು. ನಾನು ಬಾಗಿಲ ಮರೆಯಿಂದ ಇಣುಕಿದೆ. ಅಕ್ಕ ಬೂದಿಯ ಗೆರೆಯ ಹತ್ತಿರ ನಿಂತಿದ್ದಳು. ಕೈ ಎತ್ತಿ ಚಿಲಕ ಎಳೆಯಲು ಹೋದಳು, ಅರ್ಧಕ್ಕೇ ಇಳಿಸಿದಳು. ಟಕ್ ಅನ್ನಲಿಲ್ಲ.

ಅಷ್ಟೇ. ನನಗೆ ತಡೆಯಲಾಗಲಿಲ್ಲ. ಓಡಿಹೋಗಿ ಕೌದಿ ಎಳೆದು ಪಡಸಾಲೆಯ ನಡುವೆ ಕೊಡವಿದೆ. ಸಿಪ್ಪೆಯ ಮಳೆ! "ಅಪ್ಪಾ, ತಪ್ಪು ನಿಂದಲ್ಲ! ಬಾಗಿಲು ನಾನು ತಿಂದೆ!" ಅಂತ ಗೊಳೋ ಅಂದೆ.

ಮೇಸ್ತ್ರಿ ನನ್ನ ಹೊಟ್ಟೆಗೆ ಕಿವಿ ಇಟ್ಟ. "ಯಜಮಾನ್ರೇ, ಹೌದು ನೋಡ್ರಿ! ಒಳಗೆ ಕದ ಕಿರಕಿರ ಅಂತೈತೆ!" ಅಂದ.

ಅಪ್ಪ ನಕ್ಕ ನಗು ಹಟ್ಟಿಯ ತನಕ ಕೇಳಿತು. ಅವ್ವ ಮಾತ್ರ ನನ್ನ ಕಿವಿ ಹಿಂಡಿದಳು, ಅದು ಬೇರೆ ಮಾತು. ಅಪ್ಪ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, "ತಿಂದೋಳೇ ಲೆಕ್ಕ ಕೊಡ್ಬೇಕವ್ವಾ," ಅಂದ. ಸಿಪ್ಪೆಯ ಹೋಳು ಹೋಳಿಗೆ ಜೊತೆ ಹುಡುಕಿ ಹೊಂದಿಸಿದೆ. ಉದ್ದದ್ದಕ್ಕೆ ಉದ್ದದ್ದು, ಡೊಂಕಿಗೆ ಡೊಂಕು. ಮೂಗು ಒರೆಸಿಕೊಳ್ಳುತ್ತಾ ಎಣಿಸಿದೆ. ಮೂವತ್ತೊಂದು ಜೊತೆ. ಅಪ್ಪ ಅವನ್ನು ಮೊರದಲ್ಲಿ ಸಾಲಾಗಿ ಇಟ್ಟ. "ನೋಡು ಮೇಸ್ತ್ರಿ, ಕಾಯಿ ಹೋದ್ರೂ ದುಡ್ಡು ಹುಂಡಿಯಾಗೇ ಐತೆ, ಸಿಪ್ಪೆ ಸುಳ್ಳು ಹೇಳಲ್ಲ. ಬಾಗಿಲು ವಾಪಸ್ ಬಂತು!"

ಆದರೆ ಒಂದು ಹೋಳು ಒಂಟಿಯಾಗಿ ಉಳಿಯಿತು. ಅದರ ಜೊತೆ ಎಲ್ಲಿ ಬಿತ್ತೋ, ಕೋಳಿ ಒಯ್ದಿತೋ. ಮೇಸ್ತ್ರಿ ಆ ಹೋಳನ್ನು ಎತ್ತಿ ಜೇಬಿಗೆ ಹಾಕಿಕೊಂಡ. "ಇದು ಚಿಲಕದ ಲೆಕ್ಕ. ಚಿಲಕ ನಂದು, ದುಡ್ಡು ಬ್ಯಾಡ. ನಿಜ ಹೇಳಿದ ಬಾಯಿಗೆ ನನ್ನ ಕಡಿಂದ!"

ಸೋಮವಾರ ಪಾಯ ತೆಗೆದ ಮೇಲೆ ಅಪ್ಪ ಹುಂಡಿ ಒಡೆದ. ಕಾಯಿ, ಸಿಪ್ಪೆಯ ಜೊತೆಗಳು, ಆ ಒಂಟಿ ಹೋಳು, ಎಲ್ಲವನ್ನೂ ಎಣಿಸಿ ಒಳಗಿನ ದುಡ್ಡಿಗೆ ತಾಳೆ ನೋಡಿದರೆ ಒಂದು ರೂಪಾಯಿ ಆಚೆ ಇಲ್ಲ, ಈಚೆ ಇಲ್ಲ. ಓದು ಬಾರದ ಅಪ್ಪನ ಲೆಕ್ಕ ಅದು! ಬೇವಿನ ಹಲಗೆಯ ಬಾಗಿಲು ಕೂತ ದಿನ ಅಕ್ಕ ಮೊದಲ ಸ್ನಾನಕ್ಕೆ ಹೋದವಳು ನೀರು ಆರಿ ತಣ್ಣಗಾದರೂ ಹೊರಗೆ ಬರಲಿಲ್ಲ. ನಾನು ಕದ ಬಡಿದೂ ಬಡಿದೂ ಕೈ ನೋಯಿಸಿಕೊಂಡೆ. ಒಳಗಿನಿಂದ ಹಾಡು ಕೇಳುತ್ತಿತ್ತು, ಜೊತೆಗೆ ಹೊಸ ಬೇವಿನ ಕಹಿ ವಾಸನೆ, ಹಂಡೆಯ ಹೊಗೆ, ಸೀಗೇಕಾಯಿ ಘಮ. ಅವತ್ತಿನಿಂದ ಊರಲ್ಲಿ ನನ್ನ ಹೆಸರು ಯಾರಿಗೆ ನೆನಪಿತ್ತೋ ಇಲ್ಲವೋ, ಎಲ್ಲರಿಗೂ ನಾನು "ಬಾಗಿಲು ತಿಂದೋಳು" ಆದೆ.

ಈಗ ನೋಡಿ, ನಿಮ್ಮ ಓದಿಗೆ ಅಂತ ಈ ಮನೆಯ ಪಕ್ಕಕ್ಕೇ ಒಂದು ಕೋಣೆ ಏಳುತ್ತಿದೆ. ನಿಮ್ಮಪ್ಪ ಫೋನಿನಲ್ಲಿ ಅದರ ಚಿತ್ರ ತೋರಿಸಿದ. ಬೆರಳು ಎಳೆದರೆ ಗೋಡೆ ಸರಿಯುತ್ತದೆ, ಕಿಟಕಿ ದೊಡ್ಡದಾಗುತ್ತದೆ. ಸಿಮೆಂಟು ಎಷ್ಟು ಚೀಲ, ಕಬ್ಬಿಣ ಎಷ್ಟು, ಎಲ್ಲವನ್ನೂ ಅದೇ ಹೇಳುತ್ತದೆ. ಎಂಥಾ ಚಂದ! ಫೋನಿನೊಳಗಿನ ಲೆಕ್ಕವನ್ನು ಯಾರೂ ಒಡೆದು ತಿನ್ನಲಾರರು. ನಮಗೆ ಬಾಗಿಲು ಎಂದರೆ ಹುಂಡಿ ತುಂಬುವ ತನಕ ಕಾಯುವ ಆಸೆ. ನಿಮಗೆ ಮನೆಯ ತುಂಬ ಬಾಗಿಲು, ಮುಚ್ಚಿದರೆ ತೆಗೆಯಿರಿ ಅಂತ ನಾವೇ ಕೂಗಬೇಕು. ಹಾಗೇ ಇರಲಿ, ನನ್ನ ಬಂಗಾರಗಳೇ. ಅದನ್ನು ನೋಡಿಯೇ ನನ್ನ ಹೊಟ್ಟೆ ತುಂಬುತ್ತದೆ.

ಅಕ್ಕ ತನ್ನ ಗಂಡನ ಊರು ಗೋವಿನಕೋವಿಯಿಂದ ಫೋನು ಮಾಡಿದ್ದಳು. ಹಲ್ಲಿಲ್ಲದ ಬಾಯಲ್ಲಿ ನಿಮ್ಮಪ್ಪನಿಗೆ ಹೇಳಿದಳು, "ಕೋಣೆ ಕಟ್ಟಾಕೆ ಹತ್ತೀರಂತೆ? ಶೇಂಗಾ ಮಾತ್ರ ನಿಮ್ಮವ್ವನ ಕೈಗೆ ಸಿಗದಂಗೆ ಇಡ್ರಪ್ಪಾ!"

ನಿನ್ನೆ ಸುಣ್ಣದ ಪುಡಿಯಲ್ಲಿ ಪಾಯದ ಗೆರೆ ಎಳೆದರಲ್ಲ, ಆಗ ನಿಮ್ಮಲ್ಲಿ ಚಿಕ್ಕವಳನ್ನು ಕರೆದು ಗೆರೆಯ ಒಳಗೆ ನಿಲ್ಲಿಸಿದೆ. "ಬಾಗಿಲು ಹಾಕ್ಕೋ ನೋಡಾನ," ಅಂದೆ. ಅವಳು ಗಾಳಿಯಲ್ಲಿ ಕದ ಮುಚ್ಚಿ, ಚಿಲಕ ಎಳೆದು, ನಾನು ಹೇಳಿಕೊಡದಿದ್ದರೂ "ಟಕ್" ಅಂದಳು. ನಾನು ಗಾಳಿಗೆ ಗುದ್ದಿದೆ.

"ಯಾರದು?" ಅಂದಳು.

"ಬಾಗಿಲು ತಿಂದೋಳು," ಅಂದೆ.