ಕೇಸ್ ಶೀಟಿನಲ್ಲಿ ಇಲ್ಲದ ಮಾತು

ಸೋಮವಾರ ಮಧ್ಯಾಹ್ನ ಎರಡಕ್ಕೆ ಹತ್ತು ನಿಮಿಷವಿತ್ತು. ಗದಗಿನ ಒಂದು ಆಸ್ಪತ್ರೆಯ ಹೆಣ್ಣುಮಕ್ಕಳ ವಾರ್ಡಿನಲ್ಲಿ, ಕಿಟಕಿ ಪಕ್ಕದ ಮಂಚದ ಬಲಗಡೆ ನಿಂತಿದ್ದೆ. ನಾನು ಅಲ್ಲಿ ನರ್ಸ್, ರೋಗಿಗಳಿಗೆ ‘ಬ್ರದರ್’. ಮಂಚದ ಮೇಲಿದ್ದವರು ಡಂಬಳದ ಅಜ್ಜಿ. ಶ್ವಾಸಕೋಶ ಸೋತು ಮೂರನೆಯ ಸಲ ದಾಖಲಾಗಿದ್ದರು. ಎದೆಗೆ ಸ್ಟೆತಾಸ್ಕೋಪ್ ಹಚ್ಚಿದಾಗ ನನ್ನ ಮುಂಗೈ ಹಿಡಿದರು.

“ತಮ್ಮಾ, ಹ್ವಾದ ಸಲದಂಗ ಬಾಯಾಗ ಪೈಪ ಹಾಕಬ್ಯಾಡ್ರಿ. ಉಸರು ನಿಲ್ಲೂ ಹಂಗ ಆತಂದ್ರ ಮನಿಗೆ ಕಳಸ್ರಿ.”

“ಹಂಗ್ಯಾಕ ಅಂತೀರಿ ಯವ್ವಾ? ಆರಾಮ ಆಗ್ತೀರಿ.”

“ಕಿವ್ಯಾಗ ಪೈಪ ಇಟಗೊಂಡು ಎದಿ ಕೇಳ್ತಿ, ಮಾತ ಕೇಳವಲ್ಲಿ ನೋಡು!”

ಪಕ್ಕದ ಮಂಚದಲ್ಲಿದ್ದ ಕುರ್ತಕೋಟಿಯ ಹೆಂಗಸು ನಕ್ಕಳು. ನಾನೂ ನಕ್ಕೆ. ‘ಆರಾಮ ಆಗ್ತೀರಿ’ ಎಂಬುದು ನಾವೆಲ್ಲ ದಿನಕ್ಕೆ ಹತ್ತು ಸಲ ಹೇಳುವ ಮಾತು. ಅದನ್ನು ಹೇಳಿದ ಮೇಲೆ ಬೇರೆ ರೋಗಿಗಳು ಮತ್ತೆ ಬಾಯಿ ತೆರೆಯುವುದಿಲ್ಲ.

ಪಾಳಿ ಬದಲಾಗುವಾಗ ಮುಂದಿನ ಪಾಳಿಯ ಸಿಸ್ಟರ್‌ಗೆ ತಿಳಿಸಿದೆ. “ಅದನ್ನೆಲ್ಲಾ ಬರಿಯಾಕ ನಾವ್ಯಾರ್ರಿ? ಡಾಕ್ಟರ್ ಕೇಳ್ತಾರ ಬಿಡ್ರಿ,” ಎಂದರು. ಡಾಕ್ಟರು ಕೇಳುವುದು ಮನೆಯವರನ್ನು. ಮನೆಯವರು ಸಾವಿನ ಮಾತು ಅಪಶಕುನವೆಂದು ಅಜ್ಜಿಯ ಬಾಯಿ ಮುಚ್ಚಿಸಿದ್ದರು. ಕೇಸ್ ಶೀಟಿನ ನನ್ನ ಹಾಳೆಯಲ್ಲಿ ನಾಡಿ, ರಕ್ತದೊತ್ತಡ, ಮೂತ್ರಕ್ಕೆ ಕಾಲಂಗಳಿದ್ದವು. ಕೆಳಗೆ ನಾಲ್ಕು ಬೆರಳಿನಷ್ಟು ಖಾಲಿ ಜಾಗವೂ ಇತ್ತು. ಬರೆಯಲಿಲ್ಲ.

ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಅಜ್ಜಿಗೆ ಎಚ್ಚರ ತಪ್ಪಿತು. ಮುಂಡರಗಿಯಿಂದ ಬಂದ ಮಗ, “ಏನೇನ ಮಾಡೂದೈತಿ ಎಲ್ಲಾ ಮಾಡ್ರಿ ಸಾಹೇಬ್ರ,” ಎಂದ. ಡಾಕ್ಟರು ಉಸಿರಿನ ಪೈಪಿಗಾಗಿ ನನ್ನತ್ತ ಕೈ ಚಾಚಿದರು.

“ಬ್ಯಾಡ ಅಂದಿದ್ಲಲ್ರೀ!” ಎಂದು ಕುರ್ತಕೋಟಿಯ ಹೆಂಗಸು ಕೂಗಿದಳು. “ಈ ಬ್ರದರ್ ಮುಂದನ ಅಂದಾಳ, ಕೇಳ್ರಿ!”

“ಹೌದೇನ್ರಿ?” ಡಾಕ್ಟರು ಕೇಳಿದರು.

“ಕೇಸ್ ಶೀಟಿನಾಗ ಇಲ್ರಿ ಸರ್,” ಎಂದೆ.

ಅದು ಖರೆ. ಪೈಪ್ ಎತ್ತಿಕೊಟ್ಟವನು ನಾನೇ. ಎಚ್ಚರವಾದಾಗ ಕಿತ್ತುಕೊಳ್ಳಬಾರದೆಂದು ಅಜ್ಜಿಯ ಎರಡೂ ಕೈಗಳನ್ನು ಬ್ಯಾಂಡೇಜು ಬಟ್ಟೆಯಿಂದ ಮಂಚಕ್ಕೆ ಕಟ್ಟಿದವನೂ ನಾನೇ. ಶುಕ್ರವಾರ ಅವರು ತೀರಿಕೊಂಡರು, ಅದೇ ಮಂಚದಲ್ಲಿ. ಡಂಬಳ ದೂರವೇನಲ್ಲ.

ಆಮೇಲೆ ಹಿರಿಯ ನರ್ಸುಗಳನ್ನು ಕೇಳಿದೆ: ಇಂಥ ಮಾತನ್ನು ಬರೆದಿಡುವುದು ಯಾರ ಕೆಲಸ? ನಮ್ಮದಲ್ಲ ಎಂದರು. ಮೈ ಒರೆಸುವುದು ನಮ್ಮದು, ಕೈ ಕಟ್ಟುವುದು ನಮ್ಮದು. ಕೇಳಿಸಿಕೊಂಡ ಒಂದು ಸಾಲು ಮಾತ್ರ ನಮ್ಮದಲ್ಲ. ಸಿಟ್ಟು ಬಂತು. ಯಾರ ಮೇಲೆಂದು ಇಂದಿಗೂ ಸರಿಯಾಗಿ ಹೇಳಲಾರೆ. ಸುಳ್ಳಾಡದೆಯೂ ಮೋಸ ಮಾಡಿದವನು ನಾನು.

ಆ ಬುಧವಾರ ಅಲ್ಲಿದ್ದವರಲ್ಲಿ ಡಾಕ್ಟರು ಬೇರೆ ಊರಿಗೆ ಹೋಗಿದ್ದಾರೆ. ಮಗ ಮುಂಡರಗಿಯಲ್ಲಿದ್ದಾನೆ. ಕೂಗಿದ ಹೆಂಗಸು ಕುರ್ತಕೋಟಿಯಲ್ಲಿ ಗಟ್ಟಿಮುಟ್ಟಾಗಿದ್ದಾಳೆ. ಅಜ್ಜಿಯ ಮಾತನ್ನು ನನ್ನ ಜೊತೆ ಕೇಳಿಸಿಕೊಂಡವಳು ಅವಳೊಬ್ಬಳೇ; ಬೇಕಾದವರು ಹೋಗಿ ಕೇಳಬಹುದು.