ಬಚ್ಚಲಿನ ನಾಲ್ಕು ಒರಟು ಟೈಲ್ಸ್

ಮೊನ್ನೆ ಬಚ್ಚಲಿನ ಪೈಪು ಸೋರುತ್ತಿದೆಯೆಂದು ಹೊಸ ಮೇಸ್ತ್ರಿಯನ್ನು ಕರೆಸಿದ್ದೆ. ಅವರು ತಂದಿಳಿಸಿದ ಸಿಮೆಂಟಿನ ವಾಸನೆ ಅಡುಗೆಮನೆಗೆ ಬಂದದ್ದೇ ತಡ, ಇದೇ ಬಚ್ಚಲಿಗೆ ಹಿಂದೆ ಟೈಲ್ಸ್ ಹಾಕಿದ್ದ ಕುರುಗೋಡಿನ ಆ ಹಳೆಯ ಮೇಸ್ತ್ರಿ ನೆನಪಾದರು...

ಬಳ್ಳಾರಿಯ ನಮ್ಮ ಮನೆಯ ಬಚ್ಚಲು ಎಷ್ಟು ಚಿಕ್ಕದೆಂದರೆ, ಬಕೆಟ್ ಒಳಗಿದ್ದರೆ ಮನುಷ್ಯ ಹೊರಗೆ ನಿಲ್ಲಬೇಕು. ಅಂಥದ್ದಕ್ಕೆ ಟೈಲ್ಸ್ ಆರಿಸಲು ಮೂರು ಸಲ ಅಂಗಡಿಗೆ ಹೋಗಿ ತಲೆ ಕೆಡಿಸಿಕೊಂಡಿದ್ದೆ. ತಿಳಿ ಬಣ್ಣವಾದರೆ ಜಾಗ ದೊಡ್ಡದಾಗಿ ಕಾಣುತ್ತದೆ ಅಂದರು ಒಬ್ಬರು, ಕೊಳೆ ಕಾಣುತ್ತದೆ ಅಂದರು ಇನ್ನೊಬ್ಬರು. ಕಡೆಗೆ ಬಿಳಿಯದೊಂದು, ನೀಲಿಯದೊಂದು ತಂದು ಅತ್ತೆಯ ಮುಂದಿಟ್ಟೆ.

ಅತ್ತೆ ಎರಡರ ಮೇಲೂ ಅಂಗೈ ಆಡಿಸಿ, ನೀಲಿಯನ್ನು ತಟ್ಟಿ, "ಈ ಬಿಳೀದ ಇರ್ಲಿ" ಅಂದರು.

"ಅಯ್ಯ, ಅದು ನೀಲಿ ಅತ್ತೀ!" ಅಂತ ನಕ್ಕೆ.

"ಗೊತ್ತೈತಿ ಬಿಡ, ಬಾಯಿ ತಪ್ಪಿ ಬಂತು" ಅಂತ ಸಿಡುಕಿದರು. ಅಳತೆ ಹಿಡಿಯುತ್ತಿದ್ದ ಮೇಸ್ತ್ರಿ ಟೇಪು ಬಿಟ್ಟು ಅವರನ್ನೇ ನೋಡಿದರು. ಯಾಕೋ ನನಗೆ ತಿಳಿಯಲಿಲ್ಲ.

ಅತ್ತೆ ಆಗ ಗೋಡೆ ಹಿಡಿದು ನಡೆಯುತ್ತಿದ್ದರು. ಮಂಡಿನೋವು ಅನ್ನುತ್ತಿದ್ದರು, ನಾವು ನಂಬಿದ್ದೆವು. ಕೈಹಿಡಿಯಲು ಹೋದರೆ ಮಾತ್ರ ಕೆಂಡಾಮಂಡಲ. "ನನ್ನ ಜಳಕ ನಾನ ಮಾಡ್ಕೋತೀನಿ. ನಾನೇನು ಕೂಸ?"

ಕೆಲಸ ಮುಗಿದ ದಿನ ನೋಡುತ್ತೇನೆ, ನಾನು ಆರಿಸಿದ ಬಿಳಿ ನೆಲದ ನಡುವೆ, ಬಾಗಿಲಿಂದ ನಲ್ಲಿಯವರೆಗೆ ನಾಲ್ಕು ಬೂದು ಬಣ್ಣದ ಒರಟು ಟೈಲ್ಸ್!

"ಇದೇನ್ರಿ ಮೇಸ್ತ್ರಿ, ಹೊಸ ಸೀರಿಗೆ ತ್ಯಾಪಿ ಹಚ್ಚಿದಂಗ?"

ಅತ್ತೆ ನನ್ನ ಹಿಂದೆಯೇ ನಿಂತಿದ್ದರು. ಮೇಸ್ತ್ರಿ ಅವರ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದರು. "ಟೈಲ್ಸ್ ಕಡಿಮಿ ಬಿದ್ವು ಅಕ್ಕಾರ. ನಂದ ತಪ್ಪು."

ನನ್ನ ನಾಲಿಗೆಗೆ ಎಲುಬಿಲ್ಲ, ಬಾಯಿಗೆ ಬಂದದ್ದು ಅಂದೆ. ಅವರು ಹೋದ ಮೇಲೆ ನೋಡಿದರೆ ಅಟ್ಟದ ಮೇಲೆ ನಾಲ್ಕು ಬಿಳಿ ಟೈಲ್ಸ್ ಹಾಗೆಯೇ ಇದ್ದವು. ಕಡಿಮೆ ಬಿದ್ದಿದ್ದರೆ ಇವೆಲ್ಲಿಂದ ಬಂದವು? ತಲೆಬುಡ ಅರ್ಥವಾಗಲಿಲ್ಲ. ಸುಳ್ಳುಗಾರ ಅಂದುಕೊಂಡೆ. ಓಣಿಯಲ್ಲಿ ಯಾರು ಕೇಳಿದರೂ ಆ ಮೇಸ್ತ್ರಿಯನ್ನು ಮಾತ್ರ ಕರೆಯಬೇಡಿ ಅಂದೆ.

ಮರುವರ್ಷ ಡಾಕ್ಟರು ಹೇಳಿದಾಗಲೇ ನಮಗೆ ಗೊತ್ತಾದದ್ದು, ಅತ್ತೆಯ ಎರಡೂ ಕಣ್ಣು ಎಂದೋ ಹೋಗಿದ್ದವು. ಆದರೂ ಕೊನೆಯವರೆಗೆ ಒಬ್ಬರೇ ಜಳಕ ಮಾಡಿದರು. ಒಮ್ಮೆಯೂ ಜಾರಲಿಲ್ಲ. ಅಷ್ಟಾದರೂ ನನ್ನ ಮಂದ ಬುದ್ಧಿಗೆ ಒಂದಕ್ಕೊಂದು ಸೇರಲಿಲ್ಲ, ನೋಡಿ.

ಮೊನ್ನೆ ನೆಲ ಒಡೆಯುವ ಮುಂಚೆ ಹೊಸ ಮೇಸ್ತ್ರಿಗೆ ಆ ಹಳೆಯ ತಪ್ಪನ್ನು ತೋರಿಸಿ ನಕ್ಕೆ. ಅವರು ನಗಲಿಲ್ಲ.

"ಕಡಿಮಿ ಬಿದ್ರ ನಾವು ಮೂಲ್ಯಾಗ ಹಾಕಿ ಬಕೆಟ್ ಇಡ್ತೀವ್ರಿ, ನಡುವ ಯಾರು ಹಾಕ್ತಾರ? ಇದು ಕಾಲಿಗೆ ದಾರಿ ಸಿಗಲಿ ಅಂತ ಹಾಕಿದ್ದು. ಮನ್ಯಾಗ ಕಣ್ಣು ಕಾಣದವ್ರು ಇದ್ರೇನ್ರಿ?"

ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿ, ಒರಟು ಹತ್ತಿದ ಕಡೆ ಕಾಲಿಡುತ್ತಾ ಹೋದೆ. ನಾಲ್ಕನೆಯದರ ಮೇಲೆ ನಿಂತಾಗ ಕೈಗೆ ನಲ್ಲಿ ಸಿಕ್ಕಿತು... ಅವತ್ತು ಅತ್ತೆ ನನ್ನ ಹಿಂದೆ ನಿಂತಿರದಿದ್ದರೆ ಆ ಹಳೆಯ ಮೇಸ್ತ್ರಿ ನಿಜ ಹೇಳುತ್ತಿದ್ದರೇನೋ.

ಕುರುಗೋಡಿನಲ್ಲಿ ವಿಚಾರಿಸಿದೆ. ಅವರು ತೀರಿಹೋಗಿದ್ದಾರಂತೆ. ಅತ್ತೆಯ ಮಾನ ಉಳಿಸಲು ಅವರು ತಲೆಯ ಮೇಲೆ ಹೊತ್ತ ಆ ತಪ್ಪನ್ನು ಓಣಿಗೆಲ್ಲ ಹಂಚಿದವಳು ನಾನೊಬ್ಬಳು ಉಳಿದಿದ್ದೇನೆ.