ಬಿಳಿ ಇಲಿಯ ಬಸುರು

ಮದುವೆಯಾಗಿ ಆರು ವರ್ಷವಾದರೂ ಅತ್ತಿಗೆಗೆ ಮಕ್ಕಳಾಗಲಿಲ್ಲವೆಂದು ನಮ್ಮಣ್ಣ ಅವಳಿಗೆ ಒಂದು ಜೊತೆ ಇಲಿ ತಂದುಕೊಟ್ಟ. ಕೇಳಿದವರಿಗೆ ನಗು ಬರಬಹುದು, ಆದರೆ ನಡೆದದ್ದು ಹಾಗೆಯೇ. ಮಧುಗಿರಿಯಲ್ಲಿ ಅವನದು ಪಂಪ್‌ಸೆಟ್ಟಿನ ಬಿಡಿಭಾಗಗಳ ಅಂಗಡಿ. ಸಾಮಾನು ತರಲು ಬೆಂಗಳೂರಿಗೆ ಹೋದವನು ಹಕ್ಕಿ ಮಾರುವವನೊಬ್ಬನ ಹತ್ತಿರ ಅವನ್ನು ಕೊಂಡು, ರಟ್ಟಿನ ಪೆಟ್ಟಿಗೆಗೆ ತೂತು ಕೊರೆದು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಿದ್ದ. "ತಗೋ, ಬೇಜಾರು ಕಳೀಲಿ" ಎಂದು ಪೆಟ್ಟಿಗೆಯನ್ನು ಅತ್ತಿಗೆಯ ಕೈಗಿಟ್ಟು ಕೈಕಾಲು ತೊಳೆಯಲು ಹಿತ್ತಲಿಗೆ ಹೋದ.

ಮಾರಿದವನು ಅದನ್ನು ಗಿನಿಪಿಗ್ ಅಂದಿದ್ದನಂತೆ. ನಮ್ಮ ಬೀದಿಯಲ್ಲಿ ಅದು ಬಿಳಿ ಇಲಿ ಎಂದೇ ಆಯಿತು. ಇಲಿಗಿಂತ ದಪ್ಪ, ಮೊಲಕ್ಕಿಂತ ಚಿಕ್ಕದು, ಬಾಲವಿಲ್ಲ. ಹಸಿವಾದರೆ ಸೀಟಿ ಊದಿದ ಹಾಗೆ ಕೂಗುತ್ತಿತ್ತು. ಅಕ್ಕಪಕ್ಕದವರು ಎರಡು ದಿನ ಬಂದು ನೋಡಿ, ಇದನ್ನು ತಿನ್ನುತ್ತಾರಾ ಎಂದು ಕೇಳಿ ಹೋದರು. ಅತ್ತಿಗೆ ಅವನ್ನು ಕೋಳಿ ಮುಚ್ಚುವ ಮಂಕರಿಯಡಿ ಇಟ್ಟು, ಕಡಲೆಕಾಯಿ ಬಳ್ಳಿ, ಅಲಸಂದೆ ಸೊಪ್ಪು ಹಾಕಿ ಸಾಕಿದಳು. ಅವಳು ಪಾವಗಡದ ಕಡೆಯ ಕುರಿ ಸಾಕುವ ಮನೆಯ ಹೆಣ್ಣು. ಯಾವ ಪ್ರಾಣಿಯಾದರೂ ಅವಳ ಕೈಗೆ ಬಂದರೆ ಸುಮ್ಮನಾಗುತ್ತಿತ್ತು. ನಮ್ಮ ಮನೆಯಲ್ಲಿ ಅವಳ ಹತ್ತಿರ ಸುಮ್ಮನಾಗದೆ ಇದ್ದವಳು ನಮ್ಮವ್ವ ಒಬ್ಬಳೇ.

ಅಪ್ಪ ತೀರಿಕೊಂಡ ಮೇಲೆ ಮನೆಯ ಯಜಮಾನಿಕೆ ಅವ್ವನದು. ಎಪ್ಪತ್ತರ ದಶಕದ ಕೊನೆಯ ವರ್ಷಗಳು ಅವು, ನಾನು ಪಿಯುಸಿಗೆ ಹೋಗುತ್ತಿದ್ದೆ. ಅವ್ವ ಅಷ್ಟರಲ್ಲಾಗಲೇ ಕೊರಟಗೆರೆ ಕಡೆ ಒಂದು ಹುಡುಗಿಯನ್ನು ನೋಡಿಟ್ಟಿದ್ದಳು. ಅಣ್ಣನಿಗೆ ಎರಡನೆಯ ಮದುವೆ ಮಾಡಿ ಅತ್ತಿಗೆಯನ್ನು ತವರಿಗೆ ಕಳಿಸುವ ಮಾತು ಅಡುಗೆಮನೆಯಲ್ಲಿ, ಅವಳಿಗೆ ಕೇಳುವ ಹಾಗೇ ನಡೆಯುತ್ತಿತ್ತು. ಅಣ್ಣ ಬೇಕು ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥವನು ಅವನು.

ನಮ್ಮ ಮನೆಯಲ್ಲೊಂದು ಪದ್ಧತಿ ಇತ್ತು. ಮಕ್ಕಳಾಗದ ಸೊಸೆ ಗಬ್ಬವಾದ ಹಸುವಿಗೆ ಅರಿಸಿನ ಕುಂಕುಮ ಇಟ್ಟು, ಹೂ ಮುಡಿಸಿ, ಅಕ್ಕಿ ಬೆಲ್ಲವನ್ನು ಕೈಯಾರೆ ತಿನ್ನಿಸಬೇಕು. ಆ ಹೊಟ್ಟೆಯ ಫಲ ಇವಳ ಮಡಿಲಿಗೂ ಬರುತ್ತದೆಂದು ನಂಬಿಕೆ. ಅತ್ತಿಗೆ ಹಸುವಿಗೆ ತಿನ್ನಿಸಿದಳು, ಹಸು ಕರು ಹಾಕಿತು. ಮೇಕೆಗೆ ತಿನ್ನಿಸಿದಳು, ಅದು ಅವಳಿ ಮರಿ ಹಾಕಿತು. ಅತ್ತಿಗೆಯ ತಿಂಗಳು ಮಾತ್ರ ಒಂದೂ ತಪ್ಪಲಿಲ್ಲ.

ಇಲಿಗಳು ಬಂದು ಸ್ವಲ್ಪ ದಿನಕ್ಕೇ ಗಂಡನ್ನು ಬೆಕ್ಕು ಕಚ್ಚಿಕೊಂಡು ಹೋಯಿತು. ಉಳಿದ ಹೆಣ್ಣಿನ ಹೊಟ್ಟೆ ಮಳೆಗಾಲ ಮುಗಿಯುವ ಹೊತ್ತಿಗೆ ದಪ್ಪವಾಗತೊಡಗಿತು. ಅವ್ವ ಅದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ, "ಬಸುರಿ ಕಣೆ ಇದು! ಆ ಗಂಡು ಇಲಿ ನಾಕು ದಿನ ಇದ್ರೂ ತನ್ನ ಕೆಲ್ಸ ಮಾಡೇ ಹೋಗೈತೆ ನೋಡು" ಎಂದಳು. ಆ ಮಾತು ಯಾರಿಗೆ ಚುಚ್ಚಬೇಕಿತ್ತೋ ಅವನು ಅಲ್ಲೇ ಕೂತು ಮುದ್ದೆ ನುಂಗುತ್ತಿದ್ದ. ಅವನಿಗೆ ಅದು ತಾಗಲೇ ಇಲ್ಲ. ತಲೆ ತಗ್ಗಿಸಿದವಳು ಅತ್ತಿಗೆ.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ನಾವು. ಒಂದು ಮಂಗಳವಾರ ಇಲಿಯ ಹಣೆಗೆ ಕುಂಕುಮ ಬಿತ್ತು. ಮುಡಿಸಿದ ಕನಕಾಂಬರವನ್ನು ಅದು ತಿಂದುಬಿಟ್ಟಿತು. ಅತ್ತಿಗೆ ಅಂಗೈಯಲ್ಲಿ ಅಕ್ಕಿ ಬೆಲ್ಲ ಹಿಡಿದು ಅದರ ಮುಂದೆ ಕೂತಳು. ನನಗೆ ನಗು ತಡೆಯಲಾಗಲಿಲ್ಲ, ಅವಳೂ ನಕ್ಕಳು. ಅವ್ವ ನಗಲಿಲ್ಲ. "ಇದೇ ಕಡೇದು. ಇದು ಮರಿ ಹಾಕೋಗಂಟ ನೋಡ್ತೀನಿ. ಆಮ್ಯಾಕೆ ಕೊರಟಗೆರೆಯೋರಿಗೆ ಮಾತು ಕೊಡೋದೇಯ" ಎಂದಳು. ಹಾಗಾಗಿ ಆ ಇಲಿ ಬಸುರಿ ಆಗಿರುವಷ್ಟು ದಿನ ಅತ್ತಿಗೆಗೆ ನಮ್ಮ ಮನೆಯಲ್ಲಿ ಜಾಗ ಇತ್ತು.

ಒಂದು ಮಧ್ಯಾಹ್ನ ನಾನು ಕಾಲೇಜಿನಿಂದ ಬಂದಾಗ ಅತ್ತಿಗೆ ಹಿತ್ತಲ ಮೆಟ್ಟಿಲ ಮೇಲೆ ಇಲಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅದರ ಎರಡು ಪಕ್ಕೆಯ ಕೂದಲೂ ಉದುರಿ ಗುಲಾಬಿ ಚರ್ಮ ಕಾಣುತ್ತಿತ್ತು. ಅತ್ತಿಗೆಯ ಮುಖ ಸರಿಯಿರಲಿಲ್ಲ.

"ಇಕ್ಕಡ ಚೂಡು ಅಮ್ಮಾಯಿ, ಇಲ್ಲಿ ಕೈ ಇಡು" ಎಂದು ನನ್ನ ಬೆರಳು ಹಿಡಿದು ಇಲಿಯ ಹೊಟ್ಟೆಯ ಎಡಗಡೆ ಒತ್ತಿದಳು. ನನ್ನನ್ನು ಅವಳು ತನ್ನೂರಿನ ತೆಲುಗಿನಲ್ಲಿ ಅಮ್ಮಾಯಿ ಎಂದೇ ಕರೆಯುತ್ತಿದ್ದಳು. ಚರ್ಮದ ಒಳಗೆ ಬೆಟ್ಟದ ನೆಲ್ಲಿಕಾಯಿಯಷ್ಟು ದಪ್ಪದ ಗಂಟು ಕೈಗೆ ಸಿಕ್ಕಿತು. ಒತ್ತಿದರೆ ಗಟ್ಟಿ.

"ಮರಿ ಇರ್ಬೇಕು" ಎಂದೆ.

"ಮರಿ ಆದ್ರೆ ಕೈಗೆ ಆಡ್ತದೆ. ಇದು ಆಡಲ್ಲ. ನಮ್ಮನೆ ಕುರಿಗಳ ಹೊಟ್ಟೆ ಎಷ್ಟು ನೋಡಿಲ್ಲ ನಾನು? ಇದು ಗಡ್ಡೆ." ಇಲಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. "ನಿಮ್ಮವ್ವಂಗೆ ಹೇಳ್ಬೇಡ ಅಮ್ಮಾಯಿ. ನನ್ನ ಕೈಲಿ ತಿಂದು ಬಸುರು ಗಡ್ಡೆ ಆಯ್ತು ಅಂತಾರೆ. ಅಷ್ಟು ಸಾಕು ಅವ್ರಿಗೆ."

ನಾನು ಹೇಳಲಿಲ್ಲ. ಅವಳು ದಿನಾ ಅವ್ವನ ಎದುರಿಗೇ ಇಲಿಗೆ ಅಕ್ಕಿ ಬೆಲ್ಲ ತಿನ್ನಿಸುತ್ತಿದ್ದಳು. ಅವ್ವ "ಇನ್ನೂ ಎಷ್ಟು ದಿನ ಬೇಕಂತೆ ಅದ್ಕೆ?" ಎಂದು ಕೇಳಿದರೆ, "ಪರದೇಶದ ತಳಿ ಅತ್ತೆ, ತಡ ಆಗ್ತದೆ" ಅನ್ನುವಳು. ಸುಳ್ಳು ಹೇಳಿ ಅಭ್ಯಾಸವಿಲ್ಲದವಳು, ಹೇಳುವಾಗ ಕತ್ತಿನವರೆಗೂ ಬೆವರುತ್ತಿದ್ದಳು.

ಆಮೇಲೆ ಇಲಿ ಸೊಪ್ಪು ಬಿಟ್ಟಿತು. ಸಂತೆಗೆ ಹೋಗಿ ಬರುತ್ತೇವೆಂದು ಹೇಳಿ, ತರಕಾರಿ ಚೀಲದಲ್ಲಿ ಕೊತ್ತಂಬರಿ ಸೊಪ್ಪಿನ ಕೆಳಗೆ ಅದನ್ನು ಮಲಗಿಸಿಕೊಂಡು ನಾವಿಬ್ಬರೂ ದನದ ಆಸ್ಪತ್ರೆಗೆ ಹೋದೆವು. ಹಸು, ಎಮ್ಮೆ ಹಿಡಿದುಕೊಂಡು ನಿಂತಿದ್ದವರೆಲ್ಲ ನಮ್ಮ ಚೀಲದೊಳಗೆ ಇಣುಕಿ ನಕ್ಕರು. ಡಾಕ್ಟರೂ ಮೊದಲು ನಕ್ಕರು. ಮೇಜಿನ ಮೇಲಿಟ್ಟು ಹೊಟ್ಟೆ ಅಮುಕಿದ ಮೇಲೆ ನಗು ನಿಲ್ಲಿಸಿದರು.

"ಅಂಡಾಶಯದ ಗಡ್ಡೆ ಇರ್ಬೇಕಮ್ಮ. ಇಷ್ಟು ಸಣ್ಣ ಪ್ರಾಣಿಗೆ ಆಪರೇಷನ್ ಮಾಡೋ ಅನುಕೂಲ ನಮ್ಮಲ್ಲಿಲ್ಲ. ಇರೋಷ್ಟು ದಿನ ಚೆನ್ನಾಗಿ ನೋಡ್ಕೊಳ್ಳಿ."

"ತಿನ್ನಿಸಿದ್ರಿಂದ ಬಂತಾ ಸಾರ್?" ಎಂದಳು ಅತ್ತಿಗೆ.

"ಇಲ್ಲಮ್ಮ. ತಾನಾಗೇ ಬರ್ತದೆ."

"ಮಕ್ಕಳಿಲ್ದೋರ ಕೈ ತಾಕಿದ್ರೆ?"

ಅವರು ತಲೆಯೆತ್ತಿ ಅವಳನ್ನು ನೋಡಿದರು. "ಯಾರ ಕೈಯಿಂದ್ಲೂ ಬರಲ್ಲ ತಾಯಿ."

"ಹಂಗಂತ ನಮ್ಮನೇಗೆ ಬಂದು ಒಂದ್ಸಲ ಹೇಳ್ತೀರಾ ಸಾರ್? ಇಲ್ಲೇ, ಹತ್ರಾನೇ."

ಹೊರಗೆ ಎಮ್ಮೆಯೊಂದು ಕೂಗುತ್ತಿತ್ತು. ಅವರು ಆಗಲಿ ಅಂದರು, ಬರಲಿಲ್ಲ. ಅವರ ತಪ್ಪೇನೂ ಇಲ್ಲ. ಇಲಿಯ ಹೊಟ್ಟೆ ನೋಡುವುದು ಅವರ ಕೆಲಸ, ನಮ್ಮ ಮನೆಯ ಹೊಟ್ಟೆಯುರಿ ನೋಡುವುದಲ್ಲ.

ಮುಂದಿನ ವಾರ ಇಲಿ ಸತ್ತುಬಿತ್ತು. ಅತ್ತಿಗೆ ನುಗ್ಗೆ ಮರದ ಬುಡದಲ್ಲಿ ಗುಂಡಿ ತೆಗೆಯುತ್ತಿದ್ದಾಗ ಅವ್ವ ಬಂದು, ಇಲಿಯನ್ನು ಅವಳ ಮಡಿಲಿನಿಂದ ಕಿತ್ತುಕೊಂಡು ಹೊಟ್ಟೆ ಹಿಸುಕಿ ನೋಡಿದಳು. ಮರಿಯಿಲ್ಲ, ಒಂದು ಗಂಟು. ಅತ್ತಿಗೆ ಯಾವ ಮಾತಿಗೆ ಹೆದರಿದ್ದಳೋ ಅದೇ ಮಾತು ಅಕ್ಷರವೂ ತಪ್ಪದೆ ಅವ್ವನ ಬಾಯಿಂದ ಬಂತು.

"ನೋಡ್ರವ್ವಾ, ಇವ್ಳ ಕೈಯಾಗೆ ತಿಂದು ಇಲೀ ಬಸುರೂ ಗಡ್ಡೆ ಆಗ್ಬುಡ್ತು!" ಬೀದಿಗೆಲ್ಲ ಕೇಳಿಸಿತು.

ಡಾಕ್ಟರು ಹೀಗೆ ಹೇಳಿದರು ಎಂದು ನಾನು ಕೂಗಿದೆ. "ಡಾಕ್ಟ್ರು ಇಲೀನ ನೋಡ್ದ. ಇವ್ಳ ಕೈ ನೋಡಿದ್ನೇನೆ? ಅಂಗಾದ್ರೆ ಗೊತ್ತಿದ್ದೂ ಮುಚ್ಚಿಟ್ಟಿದ್ರಿ ಇಬ್ರೂ" ಎಂದಳು. ನಾನು ಅಣ್ಣನ ಕಡೆ ನೋಡಿದೆ. ಅವನು ಅಂಗಡಿಯ ಬೀಗದ ಕೈ ಹುಡುಕುತ್ತಾ, "ಅವ್ವ ಹೇಳ್ದಂಗೆ ಆಗ್ಲಿ ಬುಡು" ಎಂದ. ಬೀಗದ ಕೈ ಅವನ ಜೇಬಿನಲ್ಲೇ ಇತ್ತು.

ಅತ್ತಿಗೆಯನ್ನು ಪಾವಗಡದ ಬಸ್ಸಿಗೆ ಹತ್ತಿಸಲು ಹೋದವಳು ನಾನೊಬ್ಬಳೇ. ಟ್ರಂಕನ್ನು ಸೀಟಿನ ಕೆಳಗೆ ತಳ್ಳಿ ಕಿಟಕಿಯ ಹತ್ತಿರ ಕೂತಳು. ನನಗೆ ಅಳು, ಅವಳಿಗೆ ಅಳುವೂ ಬರಲಿಲ್ಲ. ಬಸ್ಸು ಹೊರಡುವ ಮುಂಚೆ ನನ್ನ ಕೈ ಹಿಡಿದು, "ನೀನೂ ಆ ಗಡ್ಡೆ ಮುಟ್ಟಿದ್ಯಲ್ಲ ಅಮ್ಮಾಯಿ, ಭಯ ಪಡ್ಬೇಡ. ನಿಂಗೇನೂ ಆಗಲ್ಲ. ಡಾಕ್ಟ್ರು ಹೇಳವ್ರೆ" ಎಂದಳು. ಇಷ್ಟೆಲ್ಲ ಆದ ಮೇಲೂ ಅವಳಿಗೆ ನನ್ನ ಚಿಂತೆ. ಅವತ್ತು ಅವ್ವ, ಅಣ್ಣನ ಮೇಲೆ ಹುಟ್ಟಿದ ಸಿಟ್ಟು ಇವತ್ತಿಗೂ ಆರಿಲ್ಲ. ಆರಿಸುವ ಆಸೆಯೂ ನನಗಿಲ್ಲ.

ಕೊರಟಗೆರೆಯ ಹುಡುಗಿ ಬಂದಳು. ನಾನು ಮದುವೆಯಾಗಿ ಶಿರಾಕ್ಕೆ ಹೋದೆ, ಇಬ್ಬರು ಮಕ್ಕಳಾದರು. ಗಡ್ಡೆ ಮುಟ್ಟಿದ ಕೈ ನನ್ನದು, ನನಗೇನೂ ಆಗಲಿಲ್ಲ. ಆ ಹುಡುಗಿಗೆ ಮಾತ್ರ ವರ್ಷ ವರ್ಷ ಕಳೆದರೂ ಮಕ್ಕಳಾಗಲಿಲ್ಲ. ಅವ್ವ ಗಂಡ ಹೆಂಡತಿ ಇಬ್ಬರನ್ನೂ ಹರಕೆಗೆಂದು ಸಿದ್ದರಬೆಟ್ಟ ಹತ್ತಿಸಿದಳು. ಮೊದಲ ಸೊಸೆ ಸಾಕಿದ ಇಲಿಯ ದೋಷ ಮನೆಗೆ ಮೆತ್ತಿಕೊಂಡಿದೆ ಎಂದಳು. ಕುಣಿಯಲಾರದವಳಿಗೆ ನೆಲ ಡೊಂಕಾದರೆ, ನಮ್ಮವ್ವನಿಗೆ ಸತ್ತ ಇಲಿ ಡೊಂಕು.

ಎಂಬತ್ತರ ದಶಕದ ನಡುವೆ ಒಮ್ಮೆ ಮಿಡಿಗೇಶಿಯಲ್ಲಿ ಬಸ್ಸು ಕಾಯುತ್ತಿದ್ದಾಗ ಅತ್ತಿಗೆ ಸಿಕ್ಕಿದಳು. ತವರಿನ ಕುರಿಗಳನ್ನು ಅವಳೇ ನೋಡಿಕೊಳ್ಳುತ್ತಿದ್ದಳಂತೆ, ಬಿಸಿಲಿಗೆ ಕಪ್ಪಾಗಿದ್ದಳು. ನನ್ನ ಮಕ್ಕಳ ತಲೆ ಸವರಲು ಚಾಚಿದ ಕೈಯನ್ನು ಅರ್ಧಕ್ಕೇ ಹಿಂದಕ್ಕೆ ತೆಗೆದುಕೊಂಡಳು. ನಾನೇ ಆ ಕೈ ಹಿಡಿದು ಮಗಳ ತಲೆಯ ಮೇಲಿಟ್ಟೆ. ಹೊಸಬಳಿಗೂ ಮಕ್ಕಳಿಲ್ಲವೆಂದು ಕೇಳಿದ ಮೇಲೆ, "ಆ ಹುಡ್ಗೀನ ಏನೂ ಅನ್ಬೇಡ ಅಂತ ನಿಮ್ಮವ್ವಂಗೆ ಹೇಳು ಅಮ್ಮಾಯಿ" ಎಂದಳು. ತನ್ನ ಬಗ್ಗೆ ಒಂದು ಮಾತಿಲ್ಲ.

ನಾನು ನೆಟ್ಟಗೆ ಮಧುಗಿರಿಗೆ ಹೋದೆ. ಹಿತ್ತಲಲ್ಲಿ ಕೊರಟಗೆರೆಯ ಹುಡುಗಿ ಗಬ್ಬದ ಹಸುವಿನ ಮುಂದೆ ಅಕ್ಕಿ ಬೆಲ್ಲ ಹಿಡಿದು ನಿಂತಿದ್ದಳು. ನನಗೆ ಮೈ ಉರಿದುಹೋಯಿತು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋದು ಇನ್ನೂ ನಿಲ್ಲಿಸಿಲ್ವೇನವ್ವ? ಅಣ್ಣನ್ನ ಒಂದ್ಸಲ ತುಮಕೂರಿನ ಡಾಕ್ಟ್ರಿಗೆ ತೋರ್ಸು" ಎಂದೆ.

"ಗಂಡ್ಸಿಗೆ ಎಂಥ ರೋಗಾನೇ? ನಾಲಿಗೆ ಕತ್ತರಿಸ್ಬುಟ್ಟೇನು!" ಎಂದಳು ಅವ್ವ. ಅಣ್ಣ ಒಳಗೇ ಇದ್ದ, ಕೇಳಿಸಿಕೊಂಡ, ಹೊರಗೆ ಬರಲಿಲ್ಲ.

ಅವನನ್ನು ಯಾರೂ ಯಾವ ಡಾಕ್ಟರ ಹತ್ತಿರಕ್ಕೂ ಕರೆದುಕೊಂಡು ಹೋಗಲಿಲ್ಲ. ಆ ಇಲಿಯನ್ನಾದರೂ ನಾವು ತರಕಾರಿ ಚೀಲದಲ್ಲಿ ಹಾಕಿಕೊಂಡು ಹೋಗಿದ್ದೆವು.